ತೀರುವ ಲೆಕ್ಕ, ತೀರದ ಋಣ: ಮಾರುಕಟ್ಟೆಯ ಕಾಲದಲ್ಲಿ ಕಲೆ ಮತ್ತು ಕೊಡುಗೆ

‘ಕೊಡುಗೆ’ ಅನ್ನುವ ಪದವನ್ನು ನಾವು ಮೂರು ಕಡೆ ಬಳಸುತ್ತೇವೆ. ಪ್ರೀತಿಯಿಂದ ಯಾರಿಗೋ ಕೊಟ್ಟ ವಸ್ತು ಕೊಡುಗೆ. ಒಬ್ಬ ಕಲಾವಿದೆ ಅಥವಾ ವಿಜ್ಞಾನಿ ಬದುಕಿಡೀ ಮಾಡಿದ ಕೆಲಸವೂ ಕೊಡುಗೆ. ಇನ್ನು ಜಾಹೀರಾತಿನಲ್ಲಿ ‘ವಿಶೇಷ ಕೊಡುಗೆ’ ಅಂತ ಕಂಡರೆ ಅದು ರಿಯಾಯಿತಿ. ಒಂದೇ ಪದದೊಳಗೆ ಎರಡು ಲೋಕ ಕೂತಿವೆ. ಒಂದರಲ್ಲಿ ಕೈಯಿಂದ ಕೈಗೆ ಪ್ರೀತಿ ದಾಟುತ್ತದೆ, ಇನ್ನೊಂದರಲ್ಲಿ ದುಡ್ಡು ದಾಟುತ್ತದೆ.

ಎಲ್ಲಕ್ಕೂ ಬೆಲೆಯ ಚೀಟಿ ಅಂಟಿಸುವ ಸಮಾಜದಲ್ಲಿ ಹಾಡು, ಚಿತ್ರ, ಕಥೆ, ಹೊಸ ಯೋಚನೆ ಇವುಗಳ ಜಾಗ ಯಾವುದು? ಅವು ಸರಕೋ, ಕೊಡುಗೆಯೋ? ಎರಡೂ ಹೌದು ಅನ್ನುವುದು ಸುಲಭದ ಉತ್ತರ. ಆದರೆ ಎರಡೂ ಒಂದೇ ತೂಕದವು ಅಂತ ನನಗೆ ಅನ್ನಿಸುವುದಿಲ್ಲ. ಮಾರುಕಟ್ಟೆ ಒಂದು ಕೃತಿಯನ್ನು ದೂರದೂರಕ್ಕೆ ಹೊತ್ತೊಯ್ಯಬಲ್ಲದು. ಅದನ್ನು ಹುಟ್ಟಿಸುವುದು ಮಾತ್ರ ಬೇರೆ ಏನೋ. ಆ ಬೇರೆಯದನ್ನು ಅರ್ಥ ಮಾಡಿಕೊಳ್ಳಬೇಕಾದರೆ ಮೊದಲು ಕೊಡುಗೆ ಹೇಗೆ ಕೆಲಸ ಮಾಡುತ್ತದೆ ಅಂತ ನೋಡಬೇಕು.

ಚುಕ್ತಾ ಆಗುವ ಲೆಕ್ಕ, ಆಗದ ಲೆಕ್ಕ

ವ್ಯಾಪಾರದ ದೊಡ್ಡ ಗುಣ ಅಂದರೆ ಅದು ಮುಗಿಯುತ್ತದೆ. ನೀವು ದುಡ್ಡು ಕೊಟ್ಟಿರಿ, ಅವರು ವಸ್ತು ಕೊಟ್ಟರು, ಲೆಕ್ಕ ಚುಕ್ತಾ. ಮತ್ತೆ ಒಬ್ಬರ ಮುಖ ಒಬ್ಬರು ನೋಡಬೇಕಾಗಿಲ್ಲ. ಹಾಗಾಗಿಯೇ ಗುರುತು ಪರಿಚಯ ಇಲ್ಲದವರ ನಡುವೆಯೂ ವ್ಯಾಪಾರ ಸಾಧ್ಯ. ಇದು ಸಣ್ಣ ಸಂಗತಿಯಲ್ಲ.

ಕೊಡುಗೆಯಲ್ಲಿ ಹಾಗಲ್ಲ. ಯಾರೋ ನಿಮಗೆ ಏನನ್ನೋ ಪ್ರೀತಿಯಿಂದ ಕೊಟ್ಟರು ಅಂದುಕೊಳ್ಳಿ. ನೀವು ತಕ್ಷಣ ಅದರ ಬೆಲೆ ಎಷ್ಟು ಅಂತ ಕೇಳಿ, ಅಷ್ಟೇ ದುಡ್ಡನ್ನು ಅವರ ಕೈಗಿಟ್ಟರೆ? ಅವರಿಗೆ ನೋವಾಗುತ್ತದೆ, ಅಲ್ವಾ? ಲೆಕ್ಕದ ಪ್ರಕಾರ ನೀವು ಸರಿಯಾಗಿಯೇ ನಡೆದುಕೊಂಡಿದ್ದೀರಿ. ಆದರೆ ಲೆಕ್ಕ ತೀರಿಸಿದಿರಿ ಅನ್ನುವುದೇ ಅವರ ನೋವಿಗೆ ಕಾರಣ. ‘ನಿಮ್ಮ ಜೊತೆ ನನಗೆ ಬಾಕಿ ಏನೂ ಬೇಡ’ ಅಂದ ಹಾಗಾಯಿತು. ಕೊಡುಗೆ ಬಾಕಿ ಉಳಿಸುತ್ತದೆ. ಆ ಬಾಕಿಯೇ ಇಬ್ಬರ ನಡುವಿನ ಎಳೆ.

ಇದನ್ನು ಕಣ್ಣಾರೆ ಕಂಡು ಬರೆದವರಲ್ಲಿ ಮುಖ್ಯ ಹೆಸರು ಮಾನವಶಾಸ್ತ್ರಜ್ಞ ಬ್ರೊನಿಸ್ಲಾವ್ ಮಲಿನೋವ್ಸ್ಕಿ. ಮೊದಲ ಮಹಾಯುದ್ಧದ ವರ್ಷಗಳಲ್ಲಿ ಅವರು ನ್ಯೂಗಿನಿಯ ಪೂರ್ವಕ್ಕಿರುವ ಟ್ರೋಬ್ರಿಯಾಂಡ್ ದ್ವೀಪಗಳಲ್ಲಿ ಉಳಿದುಕೊಂಡಿದ್ದರು. ಅಲ್ಲಿನ ‘ಕುಲಾ’ ಅನ್ನುವ ವಿನಿಮಯದ ಬಗ್ಗೆ 1922ರಲ್ಲಿ ಬರೆದರು. ಕೆಂಪು ಚಿಪ್ಪಿನ ಹಾರಗಳು ಒಂದು ದಿಕ್ಕಿನಲ್ಲಿ, ಬಿಳಿ ಚಿಪ್ಪಿನ ತೋಳುಬಳೆಗಳು ಅದರ ಎದುರು ದಿಕ್ಕಿನಲ್ಲಿ, ದ್ವೀಪದಿಂದ ದ್ವೀಪಕ್ಕೆ ಸುತ್ತುತ್ತಲೇ ಇರುತ್ತವೆ. ಜನ ದೋಣಿಯಲ್ಲಿ ಅಪಾಯದ ಸಮುದ್ರ ದಾಟಿ ಇವನ್ನು ಕೊಡಲು, ಪಡೆಯಲು ಹೋಗುತ್ತಾರೆ. ಹೆಸರಾಂತ ಹಾರಗಳಿಗೆ ಸ್ವಂತ ಹೆಸರಿದೆ, ಯಾರ ಯಾರ ಕೈ ದಾಟಿ ಬಂತು ಅನ್ನುವ ಕಥೆಯಿದೆ. ಅವನ್ನು ತೊಡುವುದು ಅಪರೂಪ. ತುಂಬಾ ದಿನ ಇಟ್ಟುಕೊಳ್ಳುವ ಹಾಗೂ ಇಲ್ಲ. ಕೈಗೆ ಬಂದದ್ದನ್ನು ಮುಂದೆ ಸಾಗಿಸದೆ ಕೂತವನಿಗೆ ಕೆಟ್ಟ ಹೆಸರು.

ನನಗೆ ಇದರಲ್ಲಿ ಎಲ್ಲಕ್ಕಿಂತ ಇಷ್ಟವಾಗುವ ವಿವರ ಇನ್ನೊಂದು. ಅದೇ ಜನರಿಗೆ ವ್ಯಾಪಾರವೂ ಗೊತ್ತಿತ್ತು. ಚೌಕಾಶಿ ಮಾಡಿ ಸಾಮಾನು ಬದಲಾಯಿಸಿಕೊಳ್ಳುವುದಕ್ಕೆ ‘ಗಿಮ್ವಾಲಿ’ ಅಂತ ಬೇರೆಯೇ ಹೆಸರಿತ್ತು. ಯಾರಾದರೂ ಕುಲಾದಲ್ಲಿ ಸಣ್ಣ ಬುದ್ಧಿ ತೋರಿಸಿದರೆ, ‘ಇವನು ಕುಲಾವನ್ನು ಗಿಮ್ವಾಲಿಯ ಹಾಗೆ ಮಾಡ್ತಾನೆ’ ಅಂತ ಬಯ್ಯುತ್ತಿದ್ದರು. ಎರಡೂ ಬೇಕು, ಆದರೆ ಒಂದನ್ನು ಇನ್ನೊಂದರ ಜಾಗದಲ್ಲಿ ಕೂರಿಸಬಾರದು ಅನ್ನುವುದು ಅವರಿಗೆ ಸ್ಪಷ್ಟವಾಗಿತ್ತು.

1925ರಲ್ಲಿ ಫ್ರಾನ್ಸಿನ ಸಮಾಜಶಾಸ್ತ್ರಜ್ಞ ಮಾರ್ಸೆಲ್ ಮಾಸ್ ಇಂಥ ಹಲವು ಸಮಾಜಗಳ ವಿವರಗಳನ್ನು ಒಟ್ಟಿಗೆ ಇಟ್ಟು ನೋಡಿದರು. ಕೊಡುಗೆಯ ಹಿಂದೆ ಮೂರು ಕಟ್ಟುಪಾಡುಗಳಿವೆ ಅಂದರು: ಕೊಡಬೇಕು, ಕೊಟ್ಟದ್ದನ್ನು ತೆಗೆದುಕೊಳ್ಳಬೇಕು, ಮರಳಿಸಬೇಕು. ಅಂದರೆ ಕೊಡುಗೆ ಪೂರ್ತಿ ‘ಉಚಿತ’ ಅಲ್ಲ. ಕನ್ನಡಕ್ಕೆ ಇದು ಮೊದಲೇ ಗೊತ್ತಿತ್ತೇನೋ. ‘ಮುಯ್ಯಿ’ ಅಂದರೆ ಮರಳಿ ಕೊಡುವ ಉಡುಗೊರೆ. ‘ಮುಯ್ಯಿ ತೀರಿಸಿಕೊಂಡ’ ಅಂದರೆ ಸೇಡು. ಒಂದೇ ಪದ ಎರಡಕ್ಕೂ. ಯಾರದಾದರೂ ಉಪಕಾರದ ಕೆಳಗೆ ಸಿಕ್ಕಿಕೊಳ್ಳುವುದಕ್ಕೆ ‘ಹಂಗು’ ಅನ್ನುತ್ತೇವೆ. ಹಂಗು ಬೇಡ ಅನ್ನುವವರು ದುಡ್ಡು ಕೊಟ್ಟು ಕೊಳ್ಳುತ್ತಾರೆ. ಮಾರುಕಟ್ಟೆ ಹಂಗಿನಿಂದ ಬಿಡಿಸುತ್ತದೆ, ಅದು ಅದರ ನಿಜವಾದ ಉಪಕಾರ.

ಬರಹಗಾರರ ಪಾಲಿಗೂ ಅದು ದೊಡ್ಡ ಬಿಡುಗಡೆಯೇ ಆಗಿತ್ತು. ಒಂದು ಕಾಲದಲ್ಲಿ ಕವಿ ಬದುಕಬೇಕಾದರೆ ದೊರೆಯ ಅಥವಾ ಧನಿಕನ ಆಶ್ರಯ ಬೇಕಿತ್ತು. ಮುದ್ರಣ ಬಂದು, ಪುಸ್ತಕ ಕೊಳ್ಳುವ ಜನ ಹೆಚ್ಚಾದ ಮೇಲೆ, ಬರೆಯುವವರು ಒಬ್ಬ ಒಡೆಯನನ್ನು ಮೆಚ್ಚಿಸುವ ಬದಲು ಸಾವಿರ ಓದುಗರನ್ನು ನಂಬಬಹುದಾಯಿತು. 1710ರಲ್ಲಿ ಬ್ರಿಟನ್ ಮಾಡಿದ ಕೃತಿಸ್ವಾಮ್ಯದ ಕಾನೂನು ಹೊಸ ಪುಸ್ತಕದ ಹಕ್ಕನ್ನು 14 ವರ್ಷಕ್ಕೆ ಕೊಟ್ಟಿತು. ಲೇಖಕ ಬದುಕಿದ್ದರೆ ಇನ್ನೂ 14 ವರ್ಷ. ಆಮೇಲೆ ಪುಸ್ತಕ ಎಲ್ಲರದು. ಲೇಖಕನಿಗೆ ಒಂದಷ್ಟು ಕಾಲ ಮಾರುಕಟ್ಟೆ, ನಂತರ ಲೋಕಕ್ಕೆ ಕೊಡುಗೆ. ಇಂದು ಹೆಚ್ಚಿನ ದೇಶಗಳಲ್ಲಿ ಆ ಹಕ್ಕು ಲೇಖಕ ತೀರಿಕೊಂಡ ಮೇಲೂ ಕನಿಷ್ಠ 50 ವರ್ಷ ಇರುತ್ತದೆ. ತಕ್ಕಡಿ ಒಂದು ಕಡೆಗೆ ತುಂಬಾ ವಾಲಿದೆ ಅನ್ನುವುದು ನನ್ನ ಅಭಿಪ್ರಾಯ.

ಹಾಡು ಒಲಿಯುತ್ತದೆ

ಈಗ ಸೃಜನಶೀಲತೆಗೆ ಬರೋಣ. ‘ಆಕೆಗೆ ಹಾಡು ಒಲಿದಿದೆ’ ಅನ್ನುತ್ತೇವೆ. ವಿದ್ಯೆ ಒಲಿಯಬೇಕು, ಕವಿತೆ ಒಲಿಯಬೇಕು. ಒಲಿಯುವುದು ಅಂದರೆ ಪ್ರೀತಿಯಿಂದ ತಾನಾಗಿ ಬರುವುದು. ಅಭ್ಯಾಸ ನಮ್ಮ ಕೈಯಲ್ಲಿದೆ, ದುಡಿಮೆ ನಮ್ಮ ಕೈಯಲ್ಲಿದೆ. ಆದರೆ ಒಂದು ಸಾಲು ಸರಿಯಾಗಿ ಕೂರುವ ಗಳಿಗೆ ನಮ್ಮ ಕೈಯಲ್ಲಿಲ್ಲ. ಬರೆಯುವವರನ್ನು, ಹಾಡುವವರನ್ನು, ಗಣಿತ ಮಾಡುವವರನ್ನು ಕೇಳಿ ನೋಡಿ. ‘ನಾನು ಮಾಡಿದೆ’ ಅನ್ನುವುದಕ್ಕಿಂತ ‘ಹೊಳೆಯಿತು’ ಅನ್ನುವವರೇ ಜಾಸ್ತಿ.

ಇದಕ್ಕೆ ದೇವರನ್ನೋ ಪವಾಡವನ್ನೋ ಕರೆತರಬೇಕಾಗಿಲ್ಲ. ಬರೆಯುವವರು ಬಳಸುವ ಭಾಷೆಯನ್ನು ಅವರು ಮಾಡಿದ್ದಲ್ಲ, ಎಷ್ಟೋ ತಲೆಮಾರು ಮಾಡಿಕೊಟ್ಟದ್ದು. ರಾಗ, ತಾಳ, ಕಥೆ ಹೇಳುವ ರೀತಿ, ಬಣ್ಣ ಬೆರೆಸುವ ಜಾಣತನ ಎಲ್ಲವೂ ಹಾಗೆಯೇ. ಯಾರೂ ಅದಕ್ಕೆ ಬಿಲ್ ಕಳಿಸಲಿಲ್ಲ. ಹಾಗಾಗಿ ಯಾವುದೇ ಹೊಸ ಕೃತಿಯ ಬಹುಪಾಲು ಬಂಡವಾಳ ಪುಕ್ಕಟೆಯಾಗಿ ಸಿಕ್ಕಿದ್ದು. ಈ ಬಾಕಿಯನ್ನು ಹಿಂದಿನವರಿಗೆ ತೀರಿಸಲು ಆಗುವುದಿಲ್ಲ, ಅವರು ಇಲ್ಲ. ಮುಂದಿನವರಿಗೆ ಕೊಡುವುದೊಂದೇ ದಾರಿ. ಕುಲಾದ ಹಾರದ ಹಾಗೆ, ಬಂದದ್ದು ಬಂದ ಕಡೆಗೇ ತಿರುಗಿ ಹೋಗದೆ ಮುಂದಿನ ದ್ವೀಪಕ್ಕೆ ಹೋಗುತ್ತದೆ.

ಕೃತಿ ನಮಗೆ ತಲುಪುವ ಬಗೆಯೂ ಇದೇ. ಟಿಕೆಟ್ ಕೊಂಡು ಕಛೇರಿಗೆ ಹೋಗುತ್ತೀರಿ. ದುಡ್ಡಿಗೆ ಸಿಕ್ಕಿದ್ದು ಕುರ್ಚಿ ಮತ್ತು ಎರಡು ಗಂಟೆ. ಯಾವುದೋ ಒಂದು ಆಲಾಪನೆಯ ನಡುವೆ ಕಣ್ಣು ತುಂಬಿ ಬಂತಲ್ಲ, ಅದು ಟಿಕೆಟ್ಟಿನ ಬೆಲೆಯಲ್ಲಿ ಸೇರಿರಲಿಲ್ಲ. ಅದೇ ಟಿಕೆಟ್ ಕೊಂಡ ಪಕ್ಕದವರಿಗೆ ಅದು ಸಿಗದೆಯೂ ಇರಬಹುದು. ಹೊರಗೆ ಬರುವಾಗ ‘ಕೊಟ್ಟ ಕಾಸಿಗೆ ಸರಿಯಾಯಿತು’ ಅಂತ ಅನ್ನಿಸುವುದಿಲ್ಲ. ಥ್ಯಾಂಕ್ಸ್ ಹೇಳಬೇಕು ಅನ್ನಿಸುತ್ತದೆ. ದುಡ್ಡು ಕೊಟ್ಟ ಮೇಲೂ ಬಾಕಿ ಉಳಿದರೆ, ಅಲ್ಲಿ ಏನೋ ಒಂದು ಕೊಡುಗೆಯಾಗಿ ದಾಟಿದೆ ಅಂತ ಅರ್ಥ.

ಬಹುಮಾನ ಬಂದಾಗ

ಇದೆಲ್ಲ ಭಾವುಕ ಮಾತು ಅಂತ ಅನ್ನಿಸಬಹುದು. ಆದರೆ ಇದನ್ನು ಪರೀಕ್ಷೆ ಮಾಡಿ ನೋಡಿದವರಿದ್ದಾರೆ.

1973ರಲ್ಲಿ ಮಾರ್ಕ್ ಲೆಪ್ಪರ್, ಡೇವಿಡ್ ಗ್ರೀನ್, ರಿಚರ್ಡ್ ನಿಸ್ಬೆಟ್ ಎಂಬ ಮನಶ್ಶಾಸ್ತ್ರಜ್ಞರು ಅಮೆರಿಕದಲ್ಲಿ ಒಂದು ಪ್ರಯೋಗ ಪ್ರಕಟಿಸಿದರು. ಬಣ್ಣದ ಪೆನ್ನುಗಳಲ್ಲಿ ಚಿತ್ರ ಬಿಡಿಸುವುದನ್ನು ಇಷ್ಟಪಡುವ ಶಿಶುವಿಹಾರದ ಮಕ್ಕಳನ್ನು ಮೂರು ಗುಂಪು ಮಾಡಿದರು. ಮೊದಲ ಗುಂಪಿಗೆ ‘ಚಿತ್ರ ಬಿಡಿಸಿದರೆ ರಿಬ್ಬನ್ ಇರುವ ಪ್ರಶಸ್ತಿಪತ್ರ ಕೊಡುತ್ತೇವೆ’ ಅಂತ ಮೊದಲೇ ಹೇಳಿದರು. ಎರಡನೆಯ ಗುಂಪಿಗೆ ಏನೂ ಹೇಳದೆ, ಬಿಡಿಸಿದ ಮೇಲೆ ಅದೇ ಪತ್ರ ಕೊಟ್ಟರು. ಮೂರನೆಯ ಗುಂಪಿಗೆ ಏನೂ ಇಲ್ಲ. ಸ್ವಲ್ಪ ದಿನ ಬಿಟ್ಟು, ಮಕ್ಕಳು ತಮಗೆ ಬೇಕಾದ ಆಟ ಆಡುವ ಹೊತ್ತಿನಲ್ಲಿ ದೂರದಿಂದ ಗಮನಿಸಿದರು. ಮೊದಲ ಗುಂಪಿನ ಮಕ್ಕಳು ಚಿತ್ರಕ್ಕೆ ಕೊಟ್ಟ ಸಮಯ ಉಳಿದವರ ಸುಮಾರು ಅರ್ಧದಷ್ಟು. ಮೊದಲು ಅದೇ ಮಕ್ಕಳು ಖುಷಿಯಿಂದ ಬಿಡಿಸುತ್ತಿದ್ದರು. ‘ಇದನ್ನು ನಾನು ಪತ್ರಕ್ಕಾಗಿ ಮಾಡುತ್ತಿದ್ದೇನೆ’ ಅನ್ನುವ ಭಾವ ಒಮ್ಮೆ ಬಂದ ಮೇಲೆ, ಪತ್ರ ಇಲ್ಲದಾಗ ಪೆನ್ನು ಹಿಡಿಯಲು ಮನಸ್ಸು ಬರಲಿಲ್ಲ.

ಎರಡನೆಯ ಗುಂಪನ್ನು ಮರೆಯಬೇಡಿ. ಅವರಿಗೂ ಅದೇ ಪತ್ರ ಸಿಕ್ಕಿತ್ತು, ಆದರೆ ಉತ್ಸಾಹ ಇಳಿಯಲಿಲ್ಲ. ಅಂದರೆ ಬಹುಮಾನದಲ್ಲಿ ವಿಷ ಇರಲಿಲ್ಲ. ‘ಹೀಗೆ ಮಾಡಿದರೆ ಇದು ಸಿಗುತ್ತದೆ’ ಅನ್ನುವ ಒಪ್ಪಂದ ಖುಷಿಯನ್ನು ಕೂಲಿಯಾಗಿ ಬದಲಾಯಿಸಿತು. ಅನಿರೀಕ್ಷಿತವಾಗಿ ಬಂದ ಪತ್ರ ಮಕ್ಕಳಿಗೆ ಮೆಚ್ಚುಗೆಯಾಗಿ ಕಂಡಿರಬೇಕು, ಅಂದರೆ ಅದೂ ಒಂದು ಕೊಡುಗೆಯೇ.

ದೊಡ್ಡವರಲ್ಲಿ? ಮನಶ್ಶಾಸ್ತ್ರಜ್ಞೆ ತೆರೇಸಾ ಅಮಾಬಿಲೆ ಮತ್ತು ಸಂಗಡಿಗರು 23 ಕಲಾವಿದರ ಕೆಲಸ ತೆಗೆದುಕೊಂಡರು. ಒಬ್ಬೊಬ್ಬರಿಂದ ಯಾರೋ ಹೇಳಿ ಮಾಡಿಸಿದ 10 ಕೃತಿ, ತಾವಾಗಿಯೇ ಮಾಡಿದ 10 ಕೃತಿ. ಯಾವುದು ಯಾವ ಬಗೆಯದು ಅಂತ ಹೇಳದೆ ಪರಿಣತರಿಗೆ ತೋರಿಸಿದರು. ಕೈಚಳಕದಲ್ಲಿ ಎರಡೂ ಸಮ. ಸೃಜನಶೀಲತೆಯಲ್ಲಿ ಹೇಳಿ ಮಾಡಿಸಿದ ಕೃತಿಗಳು ಹಿಂದೆ ಬಿದ್ದವು. ಆದರೆ ದುಡ್ಡು ಕೊಟ್ಟವರು ಕೈ ಕಟ್ಟಿಹಾಕದೆ, ‘ನಿಮಗೆ ತೋಚಿದ್ದು ಮಾಡಿ’ ಅಂತ ಬಿಟ್ಟಿದ್ದಲ್ಲಿ ಕಲಾವಿದರು ಚೆನ್ನಾಗಿಯೇ ಮಾಡಿದ್ದರು. ದುಡ್ಡು ಹಗ್ಗವಾದರೆ ಕೆಲಸ ಒಣಗುತ್ತದೆ. ದುಡ್ಡು ಬಿಡುವಾದರೆ ಕೆಲಸ ಚಿಗುರುತ್ತದೆ.

ಇನ್ನೊಂದು ಅಧ್ಯಯನ ಕಲೆಗೆ ಸಂಬಂಧಿಸಿದ್ದಲ್ಲ, ಆದರೂ ಇಲ್ಲಿಗೆ ಬೇಕು. ಊರಿ ಗ್ನೀಜಿ ಮತ್ತು ಆಲ್ಡೊ ರುಸ್ಟಿಚೀನಿ ಎಂಬ ಅರ್ಥಶಾಸ್ತ್ರಜ್ಞರು 2000ದಲ್ಲಿ ಇಸ್ರೇಲಿನ ಶಿಶುಪಾಲನಾ ಕೇಂದ್ರಗಳ ಬಗ್ಗೆ ಬರೆದರು. ಸಂಜೆ ಮಕ್ಕಳನ್ನು ಕರೆದೊಯ್ಯಲು ಕೆಲವು ಪೋಷಕರು ತಡ ಮಾಡುತ್ತಿದ್ದರು. ತಡವಾದರೆ ದಂಡ ಅಂತ ನಿಯಮ ತಂದರು. ತಡವಾಗಿ ಬರುವವರು ಕಡಿಮೆಯಾಗಲಿಲ್ಲ, ಹೆಚ್ಚುಕಡಿಮೆ ಎರಡು ಪಟ್ಟಾದರು. ಮೊದಲು ‘ಪಾಪ, ಟೀಚರ್ ನಮಗಾಗಿ ಕಾಯುತ್ತಿದ್ದಾರೆ’ ಅನ್ನುವ ಸಂಕೋಚ ಇತ್ತು. ದಂಡ ಬಂದ ಮೇಲೆ ಆ ಕಾಯುವಿಕೆಗೆ ಬೆಲೆ ಬಂತು. ಬೆಲೆ ಕೊಟ್ಟರೆ ಆಯಿತಲ್ಲ! ನನಗೆ ಮುಖ್ಯ ಅನ್ನಿಸುವುದು ಆಮೇಲಿನ ಸಂಗತಿ: ದಂಡ ತೆಗೆದುಹಾಕಿದ ಮೇಲೂ ಹಳೆಯ ಸಂಕೋಚ ವಾಪಸ್ ಬರಲಿಲ್ಲ. ಕೊಡುಗೆಯ ಜಾಗಕ್ಕೆ ಬೆಲೆಯನ್ನು ತರುವುದು ಸುಲಭ. ಬೆಲೆಯನ್ನು ತೆಗೆದರೆ ಕೊಡುಗೆ ತಾನಾಗಿ ಹಿಂತಿರುಗುವುದಿಲ್ಲ.

ಬಾಗಿಲು ತೆರೆದಿಟ್ಟವರು

1993ರ ಆರಂಭದಲ್ಲಿ ಇಂಟರ್ನೆಟ್ಟಿನಲ್ಲಿ ಮಾಹಿತಿ ಹುಡುಕಲು ‘ಗೋಫರ್’ ಅನ್ನುವ ವ್ಯವಸ್ಥೆ ಜನಪ್ರಿಯವಾಗಿತ್ತು. ಅದನ್ನು ರೂಪಿಸಿದ್ದು ಅಮೆರಿಕದ ಮಿನೆಸೋಟ ವಿಶ್ವವಿದ್ಯಾಲಯ. ಆ ವರ್ಷ ವಿಶ್ವವಿದ್ಯಾಲಯ, ತನ್ನ ಗೋಫರ್ ಸರ್ವರ್ ಬಳಸಲು ಕೆಲವರಿಂದ ಶುಲ್ಕ ಪಡೆಯುವುದಾಗಿ ಹೇಳಿತು. ಅದೇ ವರ್ಷದ ಏಪ್ರಿಲ್ 30ರಂದು ಸ್ವಿಟ್ಜರ್ಲೆಂಡಿನ ಸರ್ನ್ ಸಂಸ್ಥೆ, ಟಿಮ್ ಬರ್ನರ್ಸ್-ಲೀ ಅಲ್ಲಿ ರೂಪಿಸಿದ ವರ್ಲ್ಡ್ ವೈಡ್ ವೆಬ್ಬಿನ ತಂತ್ರಾಂಶವನ್ನು ಯಾರು ಬೇಕಾದರೂ ಬಳಸಲಿ ಅಂತ ಸಾರ್ವಜನಿಕರಿಗೆ ಬಿಟ್ಟುಕೊಟ್ಟಿತು. ಇಂದು ಗೋಫರ್ ಹೆಸರು ಗೊತ್ತಿರುವವರು ಕಡಿಮೆ. ವೆಬ್ ಗೆಲ್ಲಲು ಬೇರೆ ಕಾರಣಗಳೂ ಇದ್ದವು. ಆದರೆ ಯಾರ ಅಪ್ಪಣೆಯೂ ಬೇಡ ಅನ್ನುವುದು ದೊಡ್ಡ ಕಾರಣ. ಕೊಡುಗೆಯ ಮೇಲೆ ಜನ ಧೈರ್ಯವಾಗಿ ಮನೆ ಕಟ್ಟುತ್ತಾರೆ. ಆಮೇಲೆ ಆ ನೆಲದ ಮೇಲೆ ಎಷ್ಟು ದೊಡ್ಡ ವ್ಯಾಪಾರ ಬೆಳೆಯಿತು ಅನ್ನುವುದು ಎಲ್ಲರಿಗೂ ಗೊತ್ತು.

ವಿಕಿಪೀಡಿಯವೂ ಹೀಗೆಯೇ. 2001ರ ಜನವರಿಯಲ್ಲಿ ಶುರುವಾಯಿತು, ಬರೆಯುವವರಿಗೆ ಸಂಬಳ ಇಲ್ಲ. ಸಂಬಳ ಕೊಟ್ಟು ಬರೆಸಿದ ಮೈಕ್ರೋಸಾಫ್ಟಿನ ಎನ್ಕಾರ್ಟಾ ವಿಶ್ವಕೋಶ 2009ರಲ್ಲಿ ಮುಚ್ಚಿತು. ಅರ್ಥಶಾಸ್ತ್ರದ ಸಾಮಾನ್ಯ ಪಾಠ ಕಲಿತವರು 2001ರಲ್ಲಿ ಇದನ್ನು ಊಹಿಸುವುದು ಕಷ್ಟವಿತ್ತು.

ಆದರೆ ಎಲ್ಲ ಕೊಡುಗೆಗಳ ಕಥೆ ಇಷ್ಟು ಸುಖಾಂತವಲ್ಲ. 1921-22ರಲ್ಲಿ ಕೆನಡಾದ ಟೊರಾಂಟೊದಲ್ಲಿ ಇನ್ಸುಲಿನ್ ಸಿಕ್ಕಿತು. ಅಲ್ಲಿಯವರೆಗೆ ಟೈಪ್ 1 ಮಧುಮೇಹ ಬಂದ ಮಕ್ಕಳಿಗೆ ಹೆಚ್ಚು ದಿನ ಇರಲಿಲ್ಲ. 1923ರಲ್ಲಿ ಆ ಕೆಲಸ ಮಾಡಿದ ವಿಜ್ಞಾನಿಗಳಾದ ಬ್ಯಾಂಟಿಂಗ್, ಬೆಸ್ಟ್, ಕಾಲಿಪ್ ತಮ್ಮ ಪೇಟೆಂಟನ್ನು ಟೊರಾಂಟೊ ವಿಶ್ವವಿದ್ಯಾಲಯಕ್ಕೆ ತಲಾ 1 ಡಾಲರಿಗೆ ಕೊಟ್ಟುಬಿಟ್ಟರು. ಅದು ಕೊಟ್ಟದ್ದೇ, ಮಾರಿದ್ದಲ್ಲ. ಮುಂದೆ ದಶಕಗಳು ಕಳೆದಂತೆ ಹೊಸ ಬಗೆಯ ಇನ್ಸುಲಿನ್‌ಗಳು ಬಂದವು, ಅವುಗಳಿಗೆ ಹೊಸ ಪೇಟೆಂಟುಗಳು ಬಂದವು, ಮಾರುಕಟ್ಟೆಯ ಬಹುಪಾಲು ಮೂರು ಕಂಪನಿಗಳ ಕೈಗೆ ಹೋಯಿತು. ಅಮೆರಿಕದಲ್ಲಿ ಬೆಲೆ ಎಷ್ಟು ಏರಿತು ಅಂದರೆ, ಜನ ಡೋಸ್ ಉಳಿಸಿಕೊಂಡು ತೆಗೆದುಕೊಳ್ಳುವ ಸ್ಥಿತಿ ಬಂತು. ಇದನ್ನು ಓದಿದಾಗಲೆಲ್ಲ ನನಗೆ ಕುಲಾದ ನಿಯಮ ನೆನಪಾಗುತ್ತದೆ. ಸುತ್ತಬೇಕಾದ ಹಾರವನ್ನು ಯಾರೋ ಹಿಡಿದು ಕೂತಿದ್ದಾರೆ.

ಕೊಡುವವರ ಹೊಟ್ಟೆ

ಇಲ್ಲಿಯವರೆಗೆ ಓದಿದವರಲ್ಲಿ ಯಾರಾದರೂ ‘ಹಾಗಾದರೆ ಕಲಾವಿದರು ದುಡ್ಡು ಕೇಳಬಾರದು’ ಅಂದುಕೊಂಡರೆ ಅದು ಪೂರ್ತಿ ತಪ್ಪು. ಕಲೆ ಕೊಡುಗೆ ಅನ್ನುವ ಮಾತನ್ನು ಅತಿ ಹೆಚ್ಚು ದುರುಪಯೋಗ ಮಾಡುವವರು ಕೆಲಸ ಮಾಡಿಸಿಕೊಂಡು ದುಡ್ಡು ಕೊಡದವರು. ‘ನಿಮಗೆ ಹೆಸರು ಬರುತ್ತದೆ’, ‘ಒಂದು ಸಣ್ಣ ಚಿತ್ರ ತಾನೇ, ಸುಮ್ನೆ ಬಿಡಿಸಿಕೊಡಿ’. ಕೇಳಿ ಪಡೆದದ್ದು, ಒತ್ತಾಯದಿಂದ ಪಡೆದದ್ದು ಕೊಡುಗೆ ಆಗುವುದಿಲ್ಲ. ಅದು ಬಿಟ್ಟಿ ದುಡಿಮೆ. ಕೊಡುಗೆ ಆಗಬೇಕಾದರೆ, ಕೊಡದೇ ಇರುವ ಸ್ವಾತಂತ್ರ್ಯವೂ ಕೊಡುವವರ ಕೈಯಲ್ಲಿ ಇರಬೇಕು.

2014ರ ಏಪ್ರಿಲ್‌ನಲ್ಲಿ ‘ಹಾರ್ಟ್‌ಬ್ಲೀಡ್’ ಅನ್ನುವ ದೋಷ ಬೆಳಕಿಗೆ ಬಂತು. ಅದು ಇದ್ದದ್ದು ಓಪನ್‌ಎಸ್‌ಎಸ್‌ಎಲ್ ಅನ್ನುವ ತಂತ್ರಾಂಶದಲ್ಲಿ. ನಾವು ಜಾಲತಾಣಕ್ಕೆ ಕೊಡುವ ಪಾಸ್‌ವರ್ಡ್, ಕಾರ್ಡ್ ನಂಬರ್ ಇಂಥವನ್ನು ಗುಟ್ಟಾಗಿ ಸಾಗಿಸುವ ಕೆಲಸ ಅದರದು. ಲೋಕದ ದೊಡ್ಡ ದೊಡ್ಡ ಕಂಪನಿಗಳು ಅದನ್ನು ಪುಕ್ಕಟೆಯಾಗಿ ಬಳಸುತ್ತಿದ್ದವು. ಅದನ್ನು ನೋಡಿಕೊಳ್ಳುತ್ತಿದ್ದದ್ದು ಬೆರಳೆಣಿಕೆಯ ಜನ. ಅವರಲ್ಲಿ ಪೂರ್ತಿ ಹೊತ್ತು ಕೆಲಸ ಮಾಡುತ್ತಿದ್ದವರು ಒಬ್ಬರೇ. ವರ್ಷಕ್ಕೆ ಬರುತ್ತಿದ್ದ ದೇಣಿಗೆ ಸುಮಾರು 2,000 ಡಾಲರ್. ದೋಷ ಬಯಲಾದ ಮೇಲೆ ಕಂಪನಿಗಳು ಸೇರಿ ಹಣ ಹಾಕಿದವು. ಕೊಡುಗೆಯ ಮೂರನೆಯ ಕಟ್ಟುಪಾಡು, ಅಂದರೆ ಮರಳಿಸುವುದು, ಅಷ್ಟು ವರ್ಷ ಯಾರಿಗೂ ನೆನಪಾಗಿರಲಿಲ್ಲ.

ಈಗ ಇದೇ ಪ್ರಶ್ನೆ ಇನ್ನೂ ದೊಡ್ಡದಾಗಿ ಬಂದಿದೆ. ಜನ ವರ್ಷಗಟ್ಟಲೆ ಪ್ರೀತಿಯಿಂದ ಜಾಲದಲ್ಲಿ ಹಾಕಿದ ಬರಹ, ಚಿತ್ರ, ಕೋಡ್ ಎಲ್ಲವನ್ನೂ ಬಳಸಿ ಕೃತಕ ಬುದ್ಧಿಮತ್ತೆಯ ಯಂತ್ರಗಳಿಗೆ ಕಲಿಸುತ್ತಿದ್ದಾರೆ, ಅವುಗಳ ಸೇವೆಯನ್ನು ಮಾರುತ್ತಿದ್ದಾರೆ. ಎಲ್ಲರಿಗೂ ಅಂತ ಇಟ್ಟದ್ದನ್ನು ಯಂತ್ರ ಓದಿದರೆ ತಪ್ಪೇನು ಅನ್ನುವ ವಾದವಿದೆ. ಕೊಟ್ಟವರನ್ನು ಕೇಳಲಿಲ್ಲ, ಅವರಿಗೆ ಏನೂ ಮರಳಲಿಲ್ಲ ಅನ್ನುವ ವಾದವೂ ಇದೆ. ಹಲವು ದೇಶಗಳ ನ್ಯಾಯಾಲಯಗಳಲ್ಲಿ ವಾದ ನಡೆದಿದೆ. ನನಗೆ ಎರಡನೆಯದರಲ್ಲಿ ಹೆಚ್ಚು ಹುರುಳು ಕಾಣುತ್ತದೆ. ಕಾನೂನು ಏನೇ ಹೇಳಲಿ, ಮರಳಿ ಏನೂ ಬರದಿದ್ದರೆ ಕೊಡುವವರು ನಿಧಾನವಾಗಿ ಬಾಗಿಲು ಹಾಕಿಕೊಳ್ಳುತ್ತಾರೆ.

ಹಾಗಾದರೆ ಸೃಷ್ಟಿಸುವವರು ಬದುಕುವುದು ಹೇಗೆ? ವಿನ್ಸೆಂಟ್ ವ್ಯಾನ್ ಗೋ ಅವರ ಕಥೆಯನ್ನು ‘ಬದುಕಿದ್ದಾಗ ಚಿತ್ರಗಳು ಮಾರಾಟವಾಗಲಿಲ್ಲ’ ಅನ್ನುವ ಒಂದೇ ಸಾಲಿನಲ್ಲಿ ಮುಗಿಸುವವರು ಜಾಸ್ತಿ. ಆ ಸಾಲಿನ ಹಿಂದೆ ತಮ್ಮ ಥಿಯೊ ಇದ್ದಾರೆ. ಥಿಯೊ ಚಿತ್ರಗಳ ವ್ಯಾಪಾರಿ. ಮಾರುಕಟ್ಟೆಯಲ್ಲಿ ದುಡಿದ ಹಣದಲ್ಲಿ ಅಣ್ಣನಿಗೆ ವರ್ಷಗಟ್ಟಲೆ ಕಳಿಸಿದರು. ಅಣ್ಣ ಚಿತ್ರಗಳನ್ನು ಕಳಿಸಿದರು. 1890ರಲ್ಲಿ ವಿನ್ಸೆಂಟ್, ಆರು ತಿಂಗಳಲ್ಲಿ ಥಿಯೊ ತೀರಿಕೊಂಡರು. ಉಳಿದದ್ದು ನೂರಾರು ಚಿತ್ರ, ಪತ್ರಗಳ ರಾಶಿ, ಥಿಯೊ ಅವರ ಹೆಂಡತಿ ಯೊಹಾನಾ ಮತ್ತು ಕೂಸು. ಯೊಹಾನಾ ಕೆಲವು ಚಿತ್ರಗಳನ್ನು ಯೋಚಿಸಿ ಮಾರಿದರು, ಹಲವನ್ನು ಪ್ರದರ್ಶನಗಳಿಗೆ ಎರವಲು ಕೊಟ್ಟರು, 1914ರಲ್ಲಿ ಪತ್ರಗಳನ್ನು ಅಚ್ಚು ಹಾಕಿಸಿದರು. ಕುಟುಂಬ ಉಳಿಸಿಕೊಂಡ ಚಿತ್ರಗಳು ಇಂದು ಆಮ್‌ಸ್ಟರ್‌ಡ್ಯಾಮಿನ ಮ್ಯೂಸಿಯಂನಲ್ಲಿವೆ. ಇಡೀ ಕಥೆಯಲ್ಲಿ ವ್ಯಾಪಾರ ಎಲ್ಲಿ ಮುಗಿಯಿತು, ಕೊಡುಗೆ ಎಲ್ಲಿ ಶುರುವಾಯಿತು ಅಂತ ಗೆರೆ ಎಳೆಯಲು ಆಗುವುದಿಲ್ಲ. ಎರಡೂ ಒಂದಕ್ಕೊಂದು ಆಸರೆಯಾದವು. ಆದರೆ ಯಾವುದು ಯಾವುದಕ್ಕಾಗಿ ದುಡಿಯುತ್ತಿದೆ ಅನ್ನುವುದು ಆ ಮೂವರಿಗೂ ಗೊತ್ತಿತ್ತು.

ಎಲ್ಲರಿಗೂ ಥಿಯೊ ಸಿಗುವುದಿಲ್ಲ. ಹಾಗಾಗಿ ಆ ಕೆಲಸವನ್ನು ಸಮಾಜವೇ ಮಾಡಬೇಕಾಗುತ್ತದೆ, ಮಾಡಿದ ಕಡೆ ಚೆನ್ನಾಗಿಯೂ ನಡೆದಿದೆ. ನನಗೆ ತುಂಬಾ ಮೆಚ್ಚುಗೆಯಾದ ಏರ್ಪಾಡು 1946ರಲ್ಲಿ ಡೆನ್ಮಾರ್ಕಿನಲ್ಲಿ ಮೊದಲು ಶುರುವಾದದ್ದು. ಈಗ 30ಕ್ಕೂ ಹೆಚ್ಚು ದೇಶಗಳಲ್ಲಿದೆ. ಸಾರ್ವಜನಿಕ ಗ್ರಂಥಾಲಯದಲ್ಲಿ ಲೇಖಕರ ಪುಸ್ತಕ ಇದ್ದರೆ ಅಥವಾ ಎರವಲು ಹೋದರೆ, ಅದಕ್ಕಾಗಿ ಲೇಖಕರಿಗೆ ಹಣ ಸಲ್ಲುತ್ತದೆ. ಹೆಚ್ಚಿನ ಕಡೆ ಅದು ಸರ್ಕಾರದ ಬೊಕ್ಕಸದಿಂದ. ಓದುವವರು ಕಾಸು ಕೊಡಬೇಕಾಗಿಲ್ಲ. ಲೇಖಕರು ಯಾರ ಹಂಗಿನಲ್ಲೂ ಇರಬೇಕಾಗಿಲ್ಲ. ಮೊತ್ತ ದೊಡ್ಡದಲ್ಲ. ಆದರೆ ವರ್ಷಕ್ಕೊಮ್ಮೆ ಬರುವ ಆ ಪತ್ರದಲ್ಲಿ, ತನ್ನ ಹಳೆಯ ಪುಸ್ತಕವನ್ನು ಎಲ್ಲೋ ಯಾರೋ ಈಗಲೂ ಓದುತ್ತಿದ್ದಾರೆ ಅನ್ನುವ ಸುದ್ದಿಯೂ ಇರುತ್ತದೆ. ಅಷ್ಟು ಹೊತ್ತಿಗೆ ಆ ಓದುಗರು ಪುಸ್ತಕವನ್ನು ಕಪಾಟಿಗೆ ಮರಳಿಸಿರುತ್ತಾರೆ. ಇನ್ಯಾರೋ ಅದನ್ನು ತೆಗೆದುಕೊಂಡು ಹೋಗಿರುತ್ತಾರೆ.